ಕೊಸರು ಗಂಟೆ

ಮೊದಲು ಕಾಣಿಸುತ್ತಿದ್ದದ್ದು ಕವೆಗೋಲಿನ ತುದಿ. ಪೇಟೆಯ ಗಡಿಯಾರದ ಗೋಪುರದಲ್ಲಿ, ದೊಡ್ಡ ಬಿಳಿ ಮುಖದ ಮೇಲಿನ ಸಣ್ಣ ಕಿಟಕಿಯಿಂದ ಅದು ಹಾವಿನ ನಾಲಿಗೆಯ ಹಾಗೆ ಹೊರಗೆ ಚಾಚಿಕೊಳ್ಳುತ್ತಿತ್ತು. ಆಮೇಲೆ ಅದನ್ನು ಹಿಡಿದ ಕೈ, ಕೈಯ ಹಿಂದೆ ಗಡಿಯಾರದ ರಾಚಪ್ಪನ ಬೋಳುತಲೆ. ಕೆಳಗೆ ಊರಿಗೆ ಊರೇ ಕತ್ತೆತ್ತಿ ನಿಂತಿರುತ್ತಿತ್ತು. ಒಂದು ಗಂಟೆ ಹೊಡೆಯುತ್ತಿದ್ದಂತೆ ರಾಚಪ್ಪ ಚಿಕ್ಕ ಮುಳ್ಳನ್ನು ಕವೆಯಲ್ಲಿ ಸಿಕ್ಕಿಸಿ ಒಂದರಿಂದ ಹನ್ನೆರಡಕ್ಕೆ ಎಳೆದು ತರುತ್ತಿದ್ದ. ಮುಳ್ಳು ಕಿರುಗುಟ್ಟುವ ಸದ್ದು ಪೇಟೆಯ ಕೊನೆಯವರೆಗೆ ಕೇಳಿಸುತ್ತಿತ್ತು. ಅದು ಕೇಳಿದ ಕೂಡಲೇ ಗಂಡಸರು ಬಡಿಗೆ ಹಿಡಿದು ಹೊಳೆಗೆ ಇಳಿಯುತ್ತಿದ್ದರು.

ನಮ್ಮೂರಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿದ್ದುತ್ತಿದ್ದರು. ಬೇಸಿಗೆ ಬರುವಾಗ ಒಂದು ಗಂಟೆ ಮುಂದಕ್ಕೆ, ಚಳಿ ಬರುವಾಗ ಒಂದು ಗಂಟೆ ಹಿಂದಕ್ಕೆ. ಹಗಲಿನ ಬೆಳಕು ಉಳಿಯುತ್ತದೆ ಎಂದು ಯಾರೋ ಎಂದೋ ಮಾಡಿದ ಏರ್ಪಾಡು. ಬೇರೆ ಕಡೆ ಇದನ್ನು ನಡುರಾತ್ರಿ, ಜನ ಮಲಗಿರುವಾಗ ಮಾಡುತ್ತಾರಂತೆ. ನಮ್ಮ ರಾಚಪ್ಪನಿಗೆ ಕತ್ತಲಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಅವನ ಅಪ್ಪನಿಗೂ ಕಾಣುತ್ತಿರಲಿಲ್ಲವಂತೆ. ಹಾಗಾಗಿ ನಮ್ಮಲ್ಲಿ ಅದು ಮಟಮಟ ಮಧ್ಯಾಹ್ನವೇ ಆಗಬೇಕಿತ್ತು. ಬೇಸಿಗೆಯ ಆ ದಿನ ಹನ್ನೆರಡು ಹೊಡೆದ ಮೇಲೆ ನೇರ ಒಂದು. ಚಳಿಗಾಲದ ಆ ದಿನ ಹನ್ನೆರಡರಿಂದ ಒಂದರವರೆಗಿನ ಹೊತ್ತು ಎರಡು ಸಲ ಬರುತ್ತಿತ್ತು. ಸಂತೆಯಲ್ಲಿ ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಹಾಗೆ ಸಿಕ್ಕಿದ ಆ ಎರಡನೆಯ ಹೊತ್ತಿಗೆ ಜನ ಕೊಸರು ಗಂಟೆ ಎಂದು ಹೆಸರಿಟ್ಟಿದ್ದರು.

ಕೊಸರಿಗೆ ಲೆಕ್ಕವಿಲ್ಲ. ಮೇಲ್ಪೇಟೆ ಮತ್ತು ಕೆಳಪೇಟೆಯ ಗಂಡಸರು ವರ್ಷವಿಡೀ ಹಲ್ಲು ಕಚ್ಚಿ ಹಿಡಿದ ಸಿಟ್ಟನ್ನೆಲ್ಲ ಆ ಗಂಟೆಯಲ್ಲಿ ಹೊಳೆಯ ಮರಳಿನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಬಡಿಗೆ, ಬೆಲ್ಟು, ಬರಿಗೈ, ಯಾವುದಾದರೂ ನಡೆಯುತ್ತಿತ್ತು. ತಲೆ ಒಡೆಯುತ್ತಿತ್ತು, ಪಕ್ಕೆಲುಬು ಮುರಿಯುತ್ತಿತ್ತು. ಎರಡನೆಯ ಸಲ ಒಂದು ಹೊಡೆದೊಡನೆ ಎತ್ತಿದ ಬಡಿಗೆ ಎತ್ತಿದಲ್ಲೇ ನಿಲ್ಲಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಹೊಡೆದರು ಎಂದು ಕೇಳುವರು. ಹನ್ನೆರಡೂವರೆಗೆ ಎಂದರೆ, "ಆ ಹೊತ್ತಿಗೆ ನೀ ಮನ್ಯಾಗ ಉಣಾಕ್ಹತ್ತಿದ್ದಿ, ನಾನs ನೋಡೀನಿ" ಎಂದು ಕಳಿಸಿಬಿಡುವರು. ಅದೂ ಸುಳ್ಳಲ್ಲ. ಮೊದಲ ಹನ್ನೆರಡೂವರೆಗೆ ಎಲ್ಲರೂ ಮನೆಯಲ್ಲಿ ಹೊಟ್ಟೆತುಂಬ ಉಣ್ಣುತ್ತಿದ್ದರು, ಹೊಡೆದಾಡಲು ಶಕ್ತಿ ಬೇಕಲ್ಲ.

ಮಾರನೆಯ ದಿನ ಹೊಡೆದವರು ಹೊಡೆಸಿಕೊಂಡವರ ಮನೆಗೆ ಹೋಗಿ ಶೇಂಗಾ, ಬೆಲ್ಲ ತಿಂದು ಬರಬೇಕು. ಅಲ್ಲಿಗೆ ಮುಗಿಯಿತು.

ನಾನು ಆಗ ಒಡ್ಡಿನ ತೂಬಿನ ಮನೆಯಲ್ಲಿ ಕೆಲಸಕ್ಕಿದ್ದೆ. ಊರಿನ ಮೇಲುಗಡೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡು ಅದು. ಹೂಳು ತುಂಬಬಾರದೆಂದು ದಿನಾ ಹನ್ನೆರಡೂವರೆಗೆ ಬಾಗಿಲು ಎತ್ತಿ ಸ್ವಲ್ಪ ಹೊತ್ತು ನೀರು ಬಿಡುತ್ತಿದ್ದರು. ಬಿಟ್ಟ ನೀರು ಕೆಂಪಗೆ, ಆಳೆತ್ತರಕ್ಕೆ, ಹುಚ್ಚು ಹಿಡಿದ ಹಾಗೆ ಹೋಗುತ್ತಿತ್ತು. ಅದಕ್ಕೆ ಮುಂಚೆ ತೂಬಿನ ಮನೆಯ ಜಗಲಿಯಲ್ಲಿ ನೇತುಹಾಕಿದ ರೈಲು ಕಂಬಿಯ ತುಂಡನ್ನು ಬಾರಿಸಬೇಕು. ಆ ಸದ್ದು ಕೇಳಿದರೆ ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು ದಂಡೆ ಹತ್ತುತ್ತಿದ್ದರು. ನೀರು ಹರಿದುಹೋದ ಮೇಲೆ ಮರುದಿನದವರೆಗೆ ಹೊಳೆ ಒಣಗಿದ ಅಂಗಳವಿದ್ದಂತೆ. ಕಂಬಿ ಬಾರಿಸುವುದು, ಗಾಲಿಗೆ ಗ್ರೀಸು ಹಚ್ಚುವುದು, ಜಾಳಿಗೆಯಲ್ಲಿ ಸಿಕ್ಕಿದ ಕಸ ತೆಗೆಯುವುದು ನನ್ನ ಪಾಲಿಗಿತ್ತು. ಬಾಗಿಲು ಎತ್ತುವ ಗಾಲಿ ತಿರುಗಿಸುವವರು ಸಂಕಣ್ಣ.

ಸಂಕಣ್ಣ ಮೇಲ್ಪೇಟೆಯವರು, ನಾನು ಕೆಳಪೇಟೆಗೆ ಸೊಸೆಯಾಗಿ ಬಂದವಳು. ಆದರೂ ತೂಬಿನ ಮನೆಯಲ್ಲಿ ಓಣಿಯ ಮಾತು ಬರುತ್ತಿರಲಿಲ್ಲ. ಮಗಳು ನೀಲಿ ಹುಟ್ಟಿದಾಗ ನನ್ನ ಕೆಲಸ ಹೋಗದಂತೆ ನೋಡಿಕೊಂಡವರು ಅವರು. ಜೋಲಿಯನ್ನು ತೂಬಿನ ಮನೆಯ ತೊಲೆಗೇ ಕಟ್ಟಲು ಬಿಟ್ಟಿದ್ದರು. ಕೂಸು ಅತ್ತರೆ, "ನಿನ್ನ ಮಗಳ ದನಿ ಮುಂದ ಕಂಬಿ ಏನೂ ಅಲ್ಲವ್ವಾ" ಎಂದು ನಗುತ್ತಿದ್ದರು.

ಆ ನಗು ನಿಂತದ್ದು ಒಂದು ಕೊಸರು ಗಂಟೆಯಲ್ಲಿ. ಅವರ ಒಬ್ಬನೇ ಮಗ ಗುರುಪಾದ ಮೊದಲ ಸಲ ಹೊಳೆಗೆ ಇಳಿದಿದ್ದ. ಗಲ್ಲದ ಮೇಲೆ ಆಗಷ್ಟೇ ಕೂದಲು ಮೂಡಿದ್ದವು. ಬಡಿಗೆಯನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಎದೆಗೆ ಒತ್ತಿ ಹಿಡಿದುಕೊಂಡಿದ್ದನಂತೆ. ಬಿದ್ದ ಮೇಲೂ ಅವನ ತಲೆಗೆ ಏಟು ಬಿದ್ದವು. ಮರಳು ಅಂಟಿದ ತಲೆಯನ್ನು ನಾನೇ ನೋಡಿದೆ. ಒಂದು ಕಡೆ ತಲೆ ಇರಲಿಲ್ಲ.

ಹೊಡೆದವನು ನನ್ನ ಗಂಡ ದ್ಯಾಮಣ್ಣ. ಇಡೀ ಊರಿಗೆ ಅದು ಗೊತ್ತಿತ್ತು, ಸಂಕಣ್ಣನಿಗೂ. ಠಾಣೆಗೆ ಹೋದ ಸಂಕಣ್ಣನಿಗೆ ಫೌಜುದಾರ ನೀರು ಕೊಟ್ಟು, ಸಮಾಧಾನ ಹೇಳಿ, ಹನ್ನೆರಡೂವರೆಗೆ ನಿಮ್ಮ ಮಗ ಊಟ ಮಾಡುತ್ತಿದ್ದನಲ್ಲ ಎಂದು ಹೇಳಿ ಕಳಿಸಿದ. ಮರುದಿನ ದ್ಯಾಮಣ್ಣ ಅವರ ಮನೆಗೆ ಹೋದ. ನಾನು ಹೋಗಬೇಡ ಎಂದರೂ, ರೀತಿ ರೀತಿಯೇ ಎಂದು ಹೋದ. ಸಂಕಣ್ಣ ಅವನ ಮುಂದೆ ಕುಳಿತು, ಶೇಂಗಾ ಒಂದೊಂದಾಗಿ ಸುಲಿದು, ಬೆಲ್ಲದ ಜೊತೆ ಅವನ ಅಂಗೈಗೆ ಹಾಕಿದರಂತೆ. "ಮುದುಕ ಭಾಳ ದೊಡ್ಡ ಮನಸಿನಾಂವ" ಎಂದು ನನ್ನ ಗಂಡ ಮನೆಗೆ ಬಂದು ಹೇಳಿದ. ನಾನು ಆ ದಿನ ಅವನಿಗೆ ಬಡಿಸಲಿಲ್ಲ. ಅವನು ಗಂಗಾಳ ಎತ್ತಿ ನನ್ನ ಮೇಲೆ ಎಸೆದ. ಹುಬ್ಬಿನ ಮೇಲಿನ ಈ ಗೆರೆ ಅದರದು.

ಆ ಚಳಿಗಾಲ ಮುಗಿಯುವ ಮೊದಲೇ ತೂಬಿನ ಮನೆಗೆ ಕಂಪ್ಯೂಟರ್ ಬಂತು. ಅದು ಗೋಪುರದ ಗಡಿಯಾರದ ಹೊತ್ತಿಗೇ ನಡೆಯುತ್ತಿತ್ತು. ಇನ್ನು ಗಾಲಿ ತಿರುಗಿಸಬೇಕಿಲ್ಲ. ಹೊತ್ತು ಹೇಳಿಟ್ಟರೆ ಸಾಕು, ಆ ಹೊತ್ತಿಗೆ ಸೈರನ್ ಕೂಗಿಸಿ, ಬಾಗಿಲು ಎತ್ತಿ, ಇಳಿಸಿ, ಪರದೆಯ ಕೆಳಗೆ "ಮುಂದಿನ ಕೆಲಸ: ನಾಳೆ ಹನ್ನೆರಡೂವರೆ" ಎಂದು ತೋರಿಸುತ್ತ ಕೂರುತ್ತಿತ್ತು. ಕಂಬಿ ಬಾರಿಸುವುದು ನಿಂತುಹೋಯಿತು. ಅದರ ಮೇಲೆ ಜೇಡ ಬಲೆ ಕಟ್ಟಿತು.

ಬೇಸಿಗೆಯಲ್ಲಿ ರಾಚಪ್ಪ ಮುಳ್ಳನ್ನು ಮುಂದಕ್ಕೆ ಎಳೆದ ದಿನ ನೀರು ಬಿಡಲೇ ಇಲ್ಲ. ಯಂತ್ರ ಸುಮ್ಮನೆ ಕೂತುಬಿಟ್ಟಿತು. ಸಂಕಣ್ಣ ಅದನ್ನು ತಂದು ಕೂರಿಸಿದ್ದ ಎಂಜಿನಿಯರ್ ಬಾಯಾರನ್ನು ಕರೆಸಿದರು. ಕನ್ನಡಕ ಹಾಕಿದ ಚುರುಕಾದ ಹೆಂಗಸು. ನೋಡಿ ನಕ್ಕರು.

"ಯಂತ್ರದ ತಪ್ಪಿಲ್ಲರಿ. ನೀವು ಹನ್ನೆರಡೂವರೆಗೆ ಬಿಡು ಅಂದ್ರಿ. ಇವತ್ತ ನಿಮ್ಮ ಊರಾಗ ಹನ್ನೆರಡೂವರೆ ಆಗಲೇ ಇಲ್ಲ. ಅದು ಕಾಯ್ಕೋತ ಕೂತು, ಆ ಹೊತ್ತು ಬರಲಿಲ್ಲ."

"ಇನ್ನೊಮ್ಮಿ ಹಿಂಗಾದ್ರ?" ಎಂದು ಸಂಕಣ್ಣ ಕೇಳಿದರು.

"ಆಗದಂಗ ಮಾಡಬಹುದು. ನಿಮ್ಮ ಗೋಪುರದ ಗಡಿಯಾರ ಬಿಟ್ಟು, ಎಂದೂ ಅಲುಗಾಡದ ಹೊತ್ತು ಒಂದೈತಿ, ಅದಕ್ಕ ಕಟ್ಟಿಬಿಡತೀನಿ. ಇಲ್ಲಂದ್ರ ಚಳಿಗಾಲದಾಗ ಇದರ ಉಲ್ಟಾ ಪಜೀತಿ ಐತಿ ನಿಮಗ."

ಜಾಳಿಗೆಯಲ್ಲಿ ಮುಳ್ಳುಕಂಟಿ ಸಿಕ್ಕಿತೆಂದು ನನ್ನನ್ನು ಯಾರೋ ಕೂಗಿದರು. ನಾನು ಹೊರಗೆ ಹೋಗುವಾಗ ಸಂಕಣ್ಣ ಹೇಳಿದ್ದು ಮಾತ್ರ ಕೇಳಿತು.

"ಬ್ಯಾಡ್ರಿ. ಊರ ಗಡಿಯಾರಕ್ಕs ಇರ್ಲಿ. ಊರು ಹೆಂಗೋ ನಾವೂ ಹಂಗ."

ಎಷ್ಟು ಒಳ್ಳೆಯ ಮಾತು ಅನ್ನಿಸಿತ್ತು ನನಗೆ.

ಚಳಿಗಾಲದ ಆ ದಿನ ಬೆಳಿಗ್ಗೆ ದ್ಯಾಮಣ್ಣ ಬಡಿಗೆಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದ. ನೀಲಿ ಪಕ್ಕದಲ್ಲಿ ಕುಳಿತು ತನ್ನ ಲಟ್ಟಣಿಗೆಗೂ ಎಣ್ಣೆ ಹಚ್ಚುತ್ತಿದ್ದಳು.

"ಈ ವರ್ಷ ಹೋಗಬ್ಯಾಡ" ಎಂದೆ.

"ಹೋಗದಿದ್ರ ಬಳೀ ತೊಟ್ಟಾನಂತಾರ."

"ನನ್ನ ಬಳೀ ಕೊಡತೀನಿ ತಗೋ. ತೊಟ್ಟು ಮನ್ಯಾಗ ಕೂಡು. ಯಾರ ಮಗನ್ನೂ ಕೊಲ್ಲೂದಾಗೂದಿಲ್ಲ."

ಎಣ್ಣೆಗೈಯಿಂದ ಅವನು ಒಂದು ಹೊಡೆದ. ಕಿವಿ ಗುಂಯ್‌ಗುಟ್ಟಿತು. ನೀಲಿ ಲಟ್ಟಣಿಗೆಯನ್ನು ಹಿಂದೆ ಬಚ್ಚಿಟ್ಟುಕೊಂಡಳು. ನಾನು ಸಿಟ್ಟಿನಲ್ಲಿ ಅಂದೆ:

"ನೀ ಇಳಿದು ನೋಡು, ಮ್ಯಾಲಿಂದ ಕಂಬಿ ಬಾರಸ್ತೀನಿ. ಎಲ್ಲಾರೂ ನೀರು ಬಂತಂತ ಬಾಲ ಮಡಚಿ ದಂಡೀಗಿ ಓಡಬೇಕು, ಹಂಗ."

ಅವನು ನಕ್ಕ. "ಬಾರಸು. ಯಾರ್ ಓಡಿದ್ರೂ ನಾ ಓಡೂದಿಲ್ಲ. ನಡು ಹೊಳಿಯಾಗ ನಿಂತು ನಿನಗ ಕೈ ಬೀಸತೀನಿ, ನೋಡ್ಕೋತ ನಿಲ್ಲು."

ನೀಲಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದೆ. ಸಂಕಣ್ಣ ನನ್ನನ್ನು ಕಂಡು ಹುಬ್ಬೇರಿಸಿದರು. "ಇವತ್ತ ರಜಾ ತಗೋ ಅಂದಿದ್ನಲ್ಲವ್ವಾ" ಎಂದರು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದೆ. ಹನ್ನೆರಡೂವರೆಗೆ ಸೈರನ್ ಕೂಗಿತು, ಬಾಗಿಲು ಎದ್ದಿತು, ನೀರು ಹೋಯಿತು, ಬಾಗಿಲು ಇಳಿಯಿತು. ನಾನು ಜಾಳಿಗೆ ಬಳಿದು ಬರುವಷ್ಟರಲ್ಲಿ ಒಂದು ಹೊಡೆಯಿತು. ದೂರದಲ್ಲಿ ಕವೆಗೋಲು ಹೊರಗೆ ಬಂತು. ಮುಳ್ಳು ಕಿರುಗುಟ್ಟಿತು. ಎರಡೂ ದಂಡೆಗಳಿಂದ ಜನ ಕೂಗುತ್ತ ಹಸಿ ಮರಳಿಗೆ ಧುಮುಕಿದರು. ಮೊದಲ ಬಡಿಗೆ ಮೊದಲ ಮೂಳೆಗೆ ತಾಗಿದ ಸದ್ದು ತೂಬಿನ ಮನೆಗೆ ಕೇಳಿತು.

ನೋಡಲಾರದೆ ಒಳಗೆ ಬಂದು ಪರದೆಯ ಕಡೆ ಮುಖ ಮಾಡಿದೆ. ಮೇಲೆ ಹೊತ್ತು ತಾನೇ ಹಿಂದಕ್ಕೆ ಸರಿದು ಹನ್ನೆರಡು ದಾಟಿ ಓಡುತ್ತಿತ್ತು. ಕೆಳಗೆ ಬರೆದಿತ್ತು: ಮುಂದಿನ ಕೆಲಸ, ಇಂದು ಹನ್ನೆರಡೂವರೆ.

"ಸಂಕಣ್ಣಾರ, ಇದು ನಾಳೆ ಅನ್ನೂದು ಬಿಟ್ಟು ಇವತ್ತ ಅನ್ನಾಕ್ಹತ್ತೇತಿ."

"ಅನ್ನಲಿ." ಅವರು ಶೇಂಗಾ ಸುಲಿಯುತ್ತಿದ್ದರು.

"ಇವತ್ತಿನ ನೀರು ಬಿಟ್ಟಾತಲ್ರಿ."

"ಅದು ಆ ಹನ್ನೆರಡೂವರೆದು. ಇದು ಈ ಹನ್ನೆರಡೂವರೆದು. ಅದಕ್ಕೇನ್ ಗೊತ್ತಾಗಬೇಕು ಬಡಪಾಯಿಗೆ. ಗಡಿಯಾರ ನೋಡತೈತಿ, ಹೇಳಿದ್ದು ಮಾಡತೈತಿ."

ಪರದೆ ಬಿಟ್ಟು ಅವರ ಹತ್ತಿರ ಹೋದೆ. "ನಿಲ್ಲಸ್ರಿ. ಕೆಳಗ ಮಂದಿ ಅದಾರ."

"ಯಾವ ಮಂದಿ? ಈ ಹೊತ್ತಿಗೆ ಹೊಳಿಯಾಗ ಯಾರೂ ಇರೂದಿಲ್ಲವ್ವಾ. ಫೌಜುದಾರ್ರು ನನಗ ಹೇಳ್ಯಾರ. ಎಲ್ಲಾರೂ ಮನ್ಯಾಗ ಉಣಾಕ್ಹತ್ತಿರತಾರ."

"ನಿಮ್ಮ ಓಣ್ಯಾವರೂ ಅದಾರ್ರಿ ಅಲ್ಲಿ."

"ನನ್ನ ಮಗನ್ನ ಹೊತ್ಕೊಂಡ್ ಬಂದೋರು ಅವರ. ಬಾಯಿ ಮುಚ್ಕೋ ಅಂದೋರೂ ಅವರ." ಒಂದು ಬೀಜ ಬಾಯಿಗೆ ಹಾಕಿಕೊಂಡರು. "ಅವರು ಮಾಡಿದ ಕಾಯ್ದೇನ. ಈ ಗಂಟೇದಾಗ ಸತ್ತವ್ರು ಸತ್ತಿಲ್ಲ, ಕೊಂದವ್ರು ಕೊಂದಿಲ್ಲ. ನಾನೂ ಅಷ್ಟ ಮಾಡಾಂವ."

ಯಂತ್ರವನ್ನು ನಿಲ್ಲಿಸುವ ಗುಟ್ಟಿನ ಅಕ್ಷರ ಅವರೊಬ್ಬರಿಗೇ ಗೊತ್ತಿತ್ತು. ಬಾಗಿಲನ್ನು ತಡೆಯಬಲ್ಲ ಹಳೆಯ ಕೈಗಾಲಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಬೀಗದ ಕೈ ಅವರ ಉಡದಾರದಲ್ಲಿತ್ತು. ನಾನು ಅವರ ಮೇಲೆ ಬಿದ್ದೆ. ಮುದುಕ ಎಂದುಕೊಂಡಿದ್ದೆ, ವರ್ಷಗಟ್ಟಲೆ ಗಾಲಿ ತಿರುಗಿಸಿದ ತೋಳುಗಳೆಂಬುದು ಮರೆತಿತ್ತು. ನನ್ನ ಕೂದಲು ಹಿಡಿದು ಗಾಲಿಯ ಕಬ್ಬಿಣಕ್ಕೆ ಮುಖ ಬಡಿದರು. ಹಲ್ಲೊಂದು ನಾಲಿಗೆಯ ಮೇಲೆ ಬಂತು. ಇನ್ನೊಮ್ಮೆ ಬಡಿದರು. ನಟ್ಟು ಬಿಗಿಯುವ ದೊಡ್ಡ ಕಬ್ಬಿಣದ ಪಾನಾ ಕೈಗೆ ಸಿಕ್ಕಿತು, ಎತ್ತಿ ಅವರ ಮಣಿಕಟ್ಟಿನ ಮೇಲೆ ಬೀಸಿದೆ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಹಿಡಿತ ಸಡಿಲಾದರೂ ಅವರು ಮೈಯನ್ನೇ ಗಾಲಿಗೆ ಅಡ್ಡ ಹಾಕಿ ಮಲಗಿಬಿಟ್ಟರು. "ಕೊಂದು ತಗೋ" ಎಂದರು. ಬೆನ್ನಿನ ಮೇಲೆ ಎರಡು ಹೊಡೆದೆ. ಕದಲಲಿಲ್ಲ.

ಸೈರನ್ನಿನ ಗುಂಡಿ ಒತ್ತಿದೆ. ಸದ್ದಿಲ್ಲ. ನಾನು ಜಾಳಿಗೆ ಬಳಿಯುತ್ತಿದ್ದಾಗ ತಂತಿ ಕತ್ತರಿಸಿ, ತುದಿಗಳನ್ನು ನೀಟಾಗಿ ಮಡಚಿಟ್ಟಿದ್ದರು. ಎಲ್ಲವನ್ನೂ ಯೋಚಿಸಿದ್ದ ಮನುಷ್ಯ ಒಂದನ್ನು ಮರೆತಿದ್ದರು. ಜಗಲಿಯಲ್ಲಿ ಜೇಡನ ಬಲೆಯೊಳಗೆ ಕಂಬಿ ತೂಗುತ್ತಿತ್ತು.

ಪಾನಾದಿಂದಲೇ ಬಾರಿಸಿದೆ. ಕೆಳಗೆ ಮರಳು ಅಲ್ಲಲ್ಲಿ ಕಪ್ಪಾಗಿತ್ತು. ಒಬ್ಬ ಇನ್ನೊಬ್ಬನ ಎದೆಯ ಮೇಲೆ ಕುಳಿತು ಕಲ್ಲು ಎತ್ತಿದ್ದ. ಕಂಬಿಯ ಸದ್ದು ಕೇಳಿ ಅವನ ಕೈ ಗಾಳಿಯಲ್ಲೇ ನಿಂತಿತು. ಇವತ್ತಿನ ನೀರು ಹೋಗಿಯಾಗಿದೆ ಎಂದು ತಲೆ ಹೇಳಿರಬೇಕು. ಆದರೆ ಹುಟ್ಟಿದಾಗಿನಿಂದ ಆ ಸದ್ದಿಗೆ ದಂಡೆ ಹತ್ತಿದ ಕಾಲುಗಳು ತಲೆಯನ್ನು ಕೇಳಲಿಲ್ಲ. ಒಬ್ಬ ಓಡಿದ, ಹಿಂದೆ ಹತ್ತು ಜನ ಓಡಿದರು, ಬೈಯುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ಬಿದ್ದವರನ್ನು ರಟ್ಟೆ ಹಿಡಿದು ಎಳೆಯುತ್ತ. ಮೇಲ್ಪೇಟೆಯವನನ್ನು ಕೆಳಪೇಟೆಯವನು ಎಳೆದದ್ದನ್ನೂ ಕಂಡೆ.

ನಡು ಹೊಳೆಯಲ್ಲಿ ಒಬ್ಬನೇ ಉಳಿದ. ಬಡಿಗೆಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ಮುಖ ಮಾಡಿ ನಿಂತಿದ್ದ. "ಬಾರಸಲೇ, ಇನ್ನೂ ಜೋರ್ ಬಾರಸು" ಎಂದು ಕೂಗಿದ. ನಾನು ಕಿರುಚಿದೆ. ನೀರು ಅಂದೆ, ನೀಲಿ ಅಂದೆ, ಏನೇನೋ ಅಂದೆ. ಬಾಯಿ ತುಂಬ ರಕ್ತ, ಮಾತು ಹೊರಬೀಳಲಿಲ್ಲ. ದಂಡೆಯಲ್ಲಿದ್ದವರು ಅವನನ್ನು ನೋಡಿ ನಗತೊಡಗಿದರು. ಅವನೂ ನಗುತ್ತ, ಬೆಳಿಗ್ಗೆ ಹೇಳಿದ್ದ ಹಾಗೆಯೇ, ನನಗೆ ಕೈ ಬೀಸಿದ.

ಕಾಲ ಕೆಳಗೆ ಬಾಗಿಲು ಎದ್ದದ್ದು ನನ್ನ ಅಂಗಾಲಿಗೆ ತಿಳಿಯಿತು. ಕೆಂಪು ನೀರು ಹೊರಬಿತ್ತು. ಅವನ ಎತ್ತಿದ ಕೈ ಸ್ವಲ್ಪ ಹೊತ್ತು ಕಂಡಿತು.

ಆಮೇಲೆ ಎರಡೂ ಓಣಿಯ ಗಂಡಸರು ಒಂದಾಗಿ ತೂಬಿನ ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ಒಂದಾಗಿದ್ದು ಅದೊಂದು ಸಲ. ಸಂಕಣ್ಣ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಾವೇ ಜಗಲಿಗೆ ಬಂದು ನಿಂತರು.

"ಇನ್ನೂ ಒಂದು ಹೊಡದಿಲ್ಲ. ಹೊಡೀರಿ. ಲೆಕ್ಕಕ್ಕಿಲ್ಲ" ಎಂದರು.

"ಮೊದಲ್ನೇ ಏಟು ನಿಂದು ತಂಗೀ" ಎಂದ ನಮ್ಮ ಓಣಿಯ ಅಡಿವೆಪ್ಪ, ನನ್ನ ಗಂಡನ ಗೆಳೆಯ. "ನೀ ಹೊಡೀ, ಉಳಿದದ್ದು ನಾವು ನೋಡ್ಕೋತೀವಿ."

ಪಾನಾ ನನ್ನ ಕೈಯಲ್ಲೇ ಇತ್ತು. ಹೊಡೆಯಬೇಕೆಂದು ಮೈಯ ಒಂದೊಂದು ನರವೂ ಬಯಸಿತು. ಅವರ ತಲೆ ಬಗ್ಗಿತ್ತು, ನೆತ್ತಿ ನನ್ನೆದುರಿಗಿತ್ತು. ಆ ನೆತ್ತಿ ನೋಡಿದಾಗ ಮರಳು ಅಂಟಿದ ಇನ್ನೊಂದು ತಲೆ ನೆನಪಾಯಿತು. ಈಗ ಹೊಡೆದರೆ ಇದೂ ಆಗಲಿಲ್ಲ, ನನ್ನ ಗಂಡ ಸತ್ತದ್ದೂ ಆಗಲಿಲ್ಲ. ನಾಳೆ ರೀತಿಯಂತೆ ಸಂಕಣ್ಣನ ಕಡೆಯವರು ನಮ್ಮ ಮನೆಗೆ ಶೇಂಗಾ ತಿನ್ನಲು ಬರುತ್ತಾರೆ, ನೀಲಿ ಸುಲಿದು ಕೊಡಬೇಕು.

"ಒಂದು ಹೊಡೀಲಿ" ಎಂದೆ. "ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ."

ಅಡಿವೆಪ್ಪ ನನ್ನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದ. ಅವನ ಮೊಣಕಾಲಿಗೆ ಪಾನಾದಿಂದ ಹೊಡೆದೆ. ಕುಸಿದು ಬಿದ್ದು ಬೊಬ್ಬೆ ಹೊಡೆದ. "ಯಾಕ ಅಳತೀ? ಇದೂ ಲೆಕ್ಕಕ್ಕಿಲ್ಲ" ಎಂದೆ. ಮತ್ತೆ ಯಾರೂ ಮೆಟ್ಟಿಲು ಹತ್ತಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಹಿಂದೆ ಸಂಕಣ್ಣನ ಉಸಿರು, ಎದುರಿಗೆ ಅವರೆಲ್ಲರ ಉಸಿರು. ದೂರದಲ್ಲಿ ಗೋಪುರದ ಮುಳ್ಳು ಹತ್ತುತ್ತಿತ್ತು. ಅಷ್ಟು ನಿಧಾನದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ, ಹೆರುವಾಗಲೂ.

ಒಂದು ಹೊಡೆದ ಮೇಲೆ ಫೌಜುದಾರ ಬಂದ. ದಂಡೆಯ ಕೆಳಗೆ ಕಂಟಿಯಲ್ಲಿ ಸಿಕ್ಕಿದ್ದ ದ್ಯಾಮಣ್ಣನನ್ನು ತಂದು ಜಗಲಿಯ ಮೇಲೆ ಮಲಗಿಸಿದ್ದರು. ಫೌಜುದಾರ ಟೊಪ್ಪಿಗೆ ತೆಗೆದು ನಿಂತು, ಮೆಲ್ಲನೆ ಕೇಳಿದ.

"ಎಷ್ಟು ಹೊತ್ತಿಗಾತವ್ವಾ?"

"ಹನ್ನೆರಡೂವರೆಗೆ."

"ಹನ್ನೆರಡೂವರೆಗೆ ದ್ಯಾಮಣ್ಣ ಮನ್ಯಾಗ ಉಣಾಕ್ಹತ್ತಿದ್ದ. ನಮ್ಮ ಪೊಲೀಸ ನೋಡ್ಯಾನ."

"ಅದು ಮೊದಲ್ನೇದು. ಇದು ಎರಡ್ನೇದು. ಎರಡನೇ ಹನ್ನೆರಡೂವರೆ ಅಂತ ಬರೀರಿ."

"ಹಂಗಂಬೂದು ಒಂದಿಲ್ಲವ್ವಾ ನಮ್ಮಲ್ಲಿ."

ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ. ಪರದೆಯಲ್ಲಿ ಯಂತ್ರ ಮಾಡಿದ ಕೆಲಸಗಳು ಒಂದರ ಕೆಳಗೊಂದು ಇದ್ದವು. ಹನ್ನೆರಡೂವರೆ, ನೀರು ಬಿಡಲಾಯಿತು. ಹನ್ನೆರಡೂವರೆ, ನೀರು ಬಿಡಲಾಯಿತು.

"ಯಂತ್ರಕ್ಕ ಎರಡ ಅದಾವು. ನಿಮಗ್ಯಾಕ ಒಂದು?"

ಅವನು ಆ ಎರಡೂ ಸಾಲುಗಳ ಮೇಲೆ ಬೆರಳಾಡಿಸಿದ. ಜನ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಕೊನೆಗೆ ಜೇಬಿನಿಂದ ಪೆನ್ನು ತೆಗೆದ. ಬರೆಯುವಾಗ ಅವನ ತುಟಿ ಅಲುಗಿತು, ಎರಡನೇ ಎಂದು.

ಆಗ ಮೂಲೆಯಿಂದ ಸಂಕಣ್ಣನ ದನಿ ಬಂತು. ಮುಖ ಗೋಡೆಯ ಕಡೆಗಿತ್ತು.

"ಸಾಹೇಬ್ರ, ಹಂಗಾರ ನಮ್ಮ ಗುರುಪಾದಂದೂ ಬರೀರಿ. ಅವಂದೂ ಎರಡ್ನೇದ."

ಫೌಜುದಾರ ಪೆನ್ನು ಎತ್ತಿ ಹಿಡಿದು, "ಹೊಡದಾಂವ ಯಾರು?" ಎಂದು ಕೇಳಿದ. ಎಲ್ಲರಿಗೂ ಗೊತ್ತಿದ್ದ ಹೆಸರು. ಎಲ್ಲರೂ ನೆಲ ನೋಡಿದರು. ಹೊರಗೆ ಜಗಲಿಯ ಮೇಲೆ ನನ್ನ ಗಂಡನ ಒದ್ದೆ ಪಾದಗಳು ಕಾಣುತ್ತಿದ್ದವು. ಹೇಳಿದರೆ ನೀಲಿ ಬದುಕಿರುವವರೆಗೆ ಕೊಲೆಗಾರನ ಮಗಳು. ಹೇಳದಿದ್ದರೆ ಅವಳ ಅಪ್ಪ ಸತ್ತದ್ದೂ ಸುಳ್ಳು.

ನಾನು ನನ್ನ ಗಂಡನ ಹೆಸರು ಹೇಳಿದೆ. ಅವನ ಅಪ್ಪನ ಹೆಸರು, ಮನೆತನದ ಹೆಸರು ಸೇರಿಸಿ, ಬರೆದುಕೊಳ್ಳಲು ಅನುಕೂಲವಾಗುವಂತೆ ನಿಧಾನವಾಗಿ ಹೇಳಿದೆ.

ಸಂಕಣ್ಣನನ್ನು ಕರೆದುಕೊಂಡು ಹೋದರು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಅವರ ಅಂಗಿಯಿಂದ ಶೇಂಗಾ ಸಿಪ್ಪೆ ಮೆಟ್ಟಿಲ ಮೇಲೆ ಉದುರುತ್ತ ಹೋಯಿತು. ಆಮೇಲೆ ಬಾಯಾರು ಬಂದು ಯಂತ್ರವನ್ನು ಅಲುಗಾಡದ ಹೊತ್ತಿಗೆ ಕಟ್ಟಿ ಹೋದರು. ಮರುವರ್ಷದಿಂದ ಯಾರೂ ಬಡಿಗೆ ಹಿಡಿದು ಹೊಳೆಗೆ ಇಳಿಯಲಿಲ್ಲ. ಬೇಡವೆಂದು ಯಾರೂ ಡಂಗುರ ಸಾರಿಸಲಿಲ್ಲ. ಬರೆದಿಡುತ್ತಾರೆ ಎಂಬುದಷ್ಟೇ ಸಾಕಾಯಿತು.

ಗಡಿಯಾರ ತಿದ್ದುವುದು ಮಾತ್ರ ನಿಂತಿಲ್ಲ. ರಾಚಪ್ಪನ ನಂತರ ಅವನ ಅಳಿಯ ಹತ್ತುತ್ತಾನೆ. ಚಳಿಗಾಲದ ಆ ದಿನ ಎರಡನೆಯ ಹನ್ನೆರಡೂವರೆಗೆ ನಾನು ಜಗಲಿಗೆ ಬಂದು ಕಂಬಿಯನ್ನು ಎರಡು ಸಲ ಬಾರಿಸುತ್ತೇನೆ. ಬಾರಿಸು ಎಂದು ಯಾರೂ ಹೇಳಿದ್ದಿಲ್ಲ, ಯಾಕೆಂದು ಕೇಳಿದ್ದೂ ಇಲ್ಲ. ನೀರು ಬರುವುದಿಲ್ಲ. ನಡು ಹೊಳೆಯಲ್ಲಿ ಕೊಕ್ಕರೆಗಳು ಕತ್ತೆತ್ತಿ ನೋಡಿ, ಮತ್ತೆ ಮರಳು ಕೆದಕುತ್ತವೆ. ಗೋಪುರದ ಕಿಟಕಿಯಲ್ಲಿ ಕವೆಗೋಲು ಅಲ್ಲಿಯವರೆಗೂ ಹೊರಗೇ ಚಾಚಿಕೊಂಡಿರುತ್ತದೆ. ಕಂಬಿಯ ಎರಡನೆಯ ಸದ್ದು ಆರಿದ ಮೇಲೆ, ಮೆಲ್ಲನೆ ಒಳಗೆ ಸರಿಯುತ್ತದೆ.